ಸೂರ್ಯನಿಗೆ ಬಿದ್ದ ತೂತು

ಸೂರ್ಯನಿಗೆ ತೂತು ಬಿದ್ದಿದೆ ಎಂದು ಮೊದಲು ಹೇಳಿದವಳು ನನ್ನ ಅಕ್ಕ. ಅದನ್ನು ನಂಬಿದವರು ನಮ್ಮ ಕಟ್ಟಡದ ಅರ್ಧ ಜನ. ನಂಬದೆ ಕೆಟ್ಟವಳಾದದ್ದು ನಾನೊಬ್ಬಳೇ.

ನಾನು ಕ್ಯಾಮೆರಾ ರಿಪೇರಿ ಮಾಡುವವಳು. ಕಟ್ಟಡದ ಕೆಳಗೆ, ಲಾಂಡ್ರಿಯ ಪಕ್ಕದಲ್ಲಿ, ಒಂದು ಮೇಜು, ಒಂದು ದೀಪ, ನನ್ನ ಬಾಯಿ, ಇಷ್ಟೇ ಹಿಡಿಸುವ ಅಂಗಡಿ. ಎಲ್ಲರೂ ಫೋನಿನಲ್ಲೇ ಫೋಟೋ ತೆಗೆಯುವ ಈ ಕಾಲದಲ್ಲಿ ನನ್ನ ಹತ್ತಿರ ಬರುವವರು ಎರಡೇ ಬಗೆ. ಮದುವೆಯ ಫೋಟೋ ತೆಗೆದು ಹೊಟ್ಟೆ ಹೊರೆಯುವವರು, ಮತ್ತೆ ಸತ್ತವರ ಕ್ಯಾಮೆರಾ ಹಿಡಿದು ಬರುವವರು. ಎರಡನೆಯವರ ಜೊತೆ ನಾನು ಹೆಚ್ಚು ಮಾತಾಡುವುದಿಲ್ಲ, ಕೆಲಸ ಮುಗಿಸಿ ಕೊಟ್ಟುಬಿಡುತ್ತೇನೆ.

ಅಕ್ಕ ಆ ಎರಡನೆಯ ಬಗೆಗೆ ಸೇರಿದಳು. ಭಾವ ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟು ಶೂ ಲೇಸು ಕಟ್ಟಿಕೊಳ್ಳುತ್ತ ಕೂತಲ್ಲೇ. ಒಂದು ಲೇಸು ಕಟ್ಟಿತ್ತು, ಇನ್ನೊಂದು ಹಾಗೇ ಇತ್ತು. ಅವರಿಗೆ ಟೆರೇಸಿನ ಮೇಲಿಂದ ಆಕಾಶದ ಫೋಟೋ ತೆಗೆಯುವ ಹುಚ್ಚು. ಅಕ್ಕ ಅವರ ಕ್ಯಾಮೆರಾವನ್ನು ಬಹಳ ದಿನ ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅದನ್ನು ಹಿಡಿದು ನನ್ನ ಅಂಗಡಿಗೆ ಬಂದಳು.

"ಕೆಟ್ಟಿದೆಯಾ?" ಎಂದೆ.

"ರಿಪೇರಿಗಲ್ಲ. ನೋಡೋಕೆ ತಂದೆ."

ಪರದೆಯ ಮೇಲೆ ಬೆಳ್ಳಗೆ ಉರಿಯುವ ಸೂರ್ಯ. ಅದರ ನಟ್ಟನಡುವೆ ಕೋಟಿನ ಗುಂಡಿಯ ಹಾಗೆ ದುಂಡಗಿನ, ಅಚ್ಚುಕಟ್ಟಾದ ಕಪ್ಪು.

"ಬಾಗಿಲು ಕಣೇ, ಅವರು ಹೋದ ಬಾಗಿಲು," ಎಂದಳು ಅಕ್ಕ. ಅವಳ ದನಿಯಲ್ಲಿ ತಿಂಗಳುಗಳಿಂದ ಇಲ್ಲದ ಜೀವ ಇತ್ತು, ಅದಕ್ಕೇ ನನಗೆ ತಕ್ಷಣ ನಗಲಾಗಲಿಲ್ಲ.

ಮೆತ್ತಗೇ ಹೇಳಿದೆ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಒಂದು ಚಿಪ್ ಇರುತ್ತದೆ. ಅಳತೆ ಮೀರಿ ಬೆಳಕು ಸುರಿದರೆ ಅದಕ್ಕೆ ಲೆಕ್ಕ ತಪ್ಪುತ್ತದೆ, ಅತಿ ಹೆಚ್ಚು ಬೆಳಕು ಬಿದ್ದ ಜಾಗದಲ್ಲೇ ಏನೂ ಇಲ್ಲ ಎಂದು ಕಪ್ಪು ಬಳಿದುಬಿಡುತ್ತದೆ. ಅಷ್ಟೇ ಕಥೆ.

"ನಿನ್ನ ಭಾವ ತೆಗೆದ ಫೋಟೋದಲ್ಲಿ ಯಾಕೆ ಇಲ್ಲ ಹಾಗಾದ್ರೆ?"

"ಅವರು ಹುಟ್ಟೋ ಸೂರ್ಯನ್ನ, ಮುಳುಗೋ ಸೂರ್ಯನ್ನ ತೆಗೀತಿದ್ರು. ನೀನು ನೆತ್ತಿ ಸುಡೋ ಹೊತ್ತಲ್ಲಿ ತೆಗೆದಿದ್ದೀಯ."

"ಅದೇ ನೋಡು. ಸಂಜೆ ತೆಗೆದ್ರೆ ಇರಲ್ಲ. ಸಂಜೆಗೆ ಮುಚ್ಚುತ್ತೆ," ಎಂದಳು. ನಾನು ಹೇಳಿದ್ದೇ ಅವಳಿಗೆ ಸಾಕ್ಷಿಯಾಯಿತು. ಕ್ಯಾಮೆರಾವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಮನೆಯೊಳಗೇ ಇದ್ದಿದ್ದರೆ ಅದು ಒಬ್ಬ ಹೆಂಗಸಿನ ದುಃಖವಾಗಿಯೇ ಉಳಿಯುತ್ತಿತ್ತು. ಆದರೆ ಮೇಲಿನ ಮಹಡಿಯಲ್ಲಿ ಮೀಟರ್ ಮಾವ ಇದ್ದಾರಲ್ಲ. ಜೀವಮಾನವೆಲ್ಲ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ನಿವೃತ್ತರಾದವರು. ಈಗ ಓದಲು ಮೀಟರ್ ಇಲ್ಲದೆ ಕಂಡದ್ದನ್ನೆಲ್ಲ ಓದುತ್ತಾರೆ. ಕೆಟ್ಟವರಲ್ಲ, ಭಾವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ಅವರಿಗೆ ಒಂದು ಸುದ್ದಿ ಸಿಕ್ಕಿದರೆ ಊರಿಗೆ ಮೈಕು ಕಟ್ಟಿದ ಹಾಗೆ. ಅಕ್ಕನ ಫೋಟೋ ನೋಡಿದ ವಾರದೊಳಗೆ ಟೆರೇಸಿನಲ್ಲಿ ಒಗೆದ ಬಟ್ಟೆ ಹರವಲು ಜಾಗವಿಲ್ಲದಷ್ಟು ಜನ. ಊಟ ಮುಗಿಸಿ ಬಂದು, ಸುಡುವ ಸಿಮೆಂಟಿನ ಮೇಲೆ ಚಾಪೆ ಹಾಸಿಕೊಂಡು, ಕೈಯಲ್ಲಿದ್ದ ಫೋನು, ಕ್ಯಾಮೆರಾಗಳನ್ನೆಲ್ಲ ಸೂರ್ಯನ ಕಡೆ ಹಿಡಿದು ಕೂರುತ್ತಿದ್ದರು. ಒಬ್ಬರಿಗೆ ಸತ್ತ ಮಗ ಕಂಡ, ಇನ್ನೊಬ್ಬರಿಗೆ ಅತ್ತೆ ಕಂಡರು. ಬದುಕಿದ್ದಾಗ ಆ ಅತ್ತೆಯ ಮುಖ ನೋಡಲು ಯಾರಿಗೂ ಇಷ್ಟವಿರಲಿಲ್ಲ, ಅದು ಬೇರೆ ವಿಷಯ.

ನನಗೆ ಸಿಟ್ಟು ಬಂತು. ಅಂಗಡಿಯಲ್ಲಿದ್ದ ಹಳೆಯ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿಕೊಂಡು ಮೇಲೆ ಹೋದೆ. ಎಲ್ಲರೆದುರು ಒಂದೊಂದನ್ನೇ ಸೂರ್ಯನಿಗೆ ಹಿಡಿದೆ. ಒಂದು, ಅಕ್ಕನದರ ಹಾಗೆ, ಕಪ್ಪು ಚುಕ್ಕೆ ತೋರಿಸಿತು. ಇನ್ನೊಂದು, ಬಹಳ ಹಳೆಯದು, ಸೂರ್ಯನಿಂದ ಕೆಳಗಿನವರೆಗೆ ನೇರ ಬಿಳಿ ಗೆರೆ ಎಳೆಯಿತು. ನನ್ನ ಫೋನಿನಲ್ಲಿ ಸೂರ್ಯನ ಕೆಳಗೊಂದು ಹಸಿರು ಚುಕ್ಕೆ ತೇಲಿತು. ಅದು ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು ಹುಟ್ಟುವ ಪ್ರತಿಬಿಂಬ, ಕೈ ಅಲುಗಿಸಿದರೆ ತಾನೂ ಓಡುತ್ತದೆ.

"ನೋಡಿ. ಇರೋನು ಒಬ್ಬನೇ ಸೂರ್ಯ," ಎಂದೆ. "ಮೂರು ಯಂತ್ರ ಮೂರು ಸುಳ್ಳು ಹೇಳ್ತಿವೆ. ನಿಜ ಆಗಿದ್ರೆ ಮೂರರಲ್ಲೂ ಒಂದೇ ಕಾಣಬೇಕಿತ್ತಲ್ವಾ?"

ಗೆದ್ದೆ ಅಂದುಕೊಂಡೆ. ಆಗ ಮೀಟರ್ ಮಾವ ಮೂರು ಪರದೆಗಳ ಮೇಲೂ ಬಗ್ಗಿ ನೋಡಿ ನಿಧಾನವಾಗಿ ಹೇಳಿದರು: "ಬಾಗಿಲು. ಏಣಿ. ದೀಪ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವರಿಗೆ ಬಾಗಿಲೊಂದೇ ಇತ್ತು. ಹತ್ತಲು ಏಣಿ, ದಾರಿಗೆ ದೀಪ ನಾನು ಒದಗಿಸಿದೆ. ಒಬ್ಬಾಕೆ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಮೀಟರ್ ಮಾವ ಅಲ್ಲಿಗೇ ನಿಲ್ಲಿಸಲಿಲ್ಲ. "ಬರೀ ಗಾಜಿಗೇ ಇಷ್ಟು ಕಾಣುತ್ತೆ ಅಂದ್ರೆ, ಜೀವ ಇರೋ ಕಣ್ಣಿಗೆ ಎಷ್ಟು ಕಾಣಬೇಕು! ನಮ್ಮ ಕಣ್ಣು ಬಿಡಿ, ಪೊರೆ ಬಂದಿರೋದು. ಮಕ್ಕಳ ಕಣ್ಣಿಗೆ ಕಪಟ ಇಲ್ಲ."

ಎಲ್ಲರೂ ಪುಟ್ಟಿಯ ಕಡೆ ತಿರುಗಿದರು. ಪುಟ್ಟಿ ಅಕ್ಕನ ಮಗಳು. ನೀರಿನ ತೊಟ್ಟಿಯ ನೆರಳಿನಲ್ಲಿ ಕೂತು ಬಟ್ಟೆ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ರೈಲು ಮಾಡುತ್ತಿದ್ದಳು. ಮುಂದಿನ ಭಾನುವಾರ ಅವಳು ಬರಿಗಣ್ಣಿನಿಂದ ನೋಡುವುದೆಂದು ತೀರ್ಮಾನವಾಯಿತು. ಅಕ್ಕ ಹೂಂ ಅಂದಳು.

ಕ್ಯಾಮೆರಾ ಸುಟ್ಟರೆ ನಾನು ಹೊಸ ಚಿಪ್ ಹಾಕುತ್ತೇನೆ. ಕಣ್ಣಿಗೆ ಹಾಕುವ ಚಿಪ್ ಯಾವ ಅಂಗಡಿಯಲ್ಲೂ ಇಲ್ಲ.

ಮಾರನೇ ದಿನ ಅಕ್ಕನ ಮನೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಕೂತು ರಫೂ ಮಾಡುತ್ತಿದ್ದಳು. ಅದೇ ಅವಳ ಕಸುಬು. ಹುಳ ತಿಂದ, ಸಿಗರೇಟು ಸುಟ್ಟ, ಮೊಳೆಗೆ ಸಿಕ್ಕು ಹರಿದ ಬಟ್ಟೆಗಳನ್ನು ಲಾಂಡ್ರಿಯವನು ಕಳಿಸುತ್ತಾನೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ಒಂದರ ಮೇಲೊಂದು ಹಾಯಿಸಿ, ಅಕ್ಕ ತೂತು ಮುಚ್ಚುತ್ತಾಳೆ. ತೂತು ಮಾಡಿದವನೇ ಬಂದು ಹುಡುಕಿದರೂ ಸಿಗುವುದಿಲ್ಲ.

"ಅಕ್ಕ, ಕಣ್ಣೊಳಗಿನ ಪರದೆ ಸುಟ್ಟರೆ ನೋವೇ ಆಗಲ್ಲ. ಮಗು ಅಳೋದೂ ಇಲ್ಲ. ಗೊತ್ತಾಗೋ ಹೊತ್ತಿಗೆ ಮುಗಿದಿರುತ್ತೆ."

"ನಾನು ನೋಡ್ತಿಲ್ವಾ ದಿನಾ?" ಎಂದಳು, ಸೂಜಿ ನಿಲ್ಲಿಸದೆ. "ನನಗೇನಾಗಿದೆ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಬರಿಗಣ್ಣಲ್ಲಿ?"

"ಈಗ ನನಗೆ ಕ್ಯಾಮೆರಾನೇ ಬೇಡ. ಕಣ್ಣು ಮುಚ್ಚಿದ್ರೂ ಆ ಬಾಗಿಲು ಅಲ್ಲೇ ಇರುತ್ತೆ. ಗೋಡೆ ನೋಡಿದ್ರೂ ಇರುತ್ತೆ."

ಅವಳು ನನ್ನನ್ನು ನೇರವಾಗಿ ನೋಡುತ್ತಿರಲಿಲ್ಲ. ಮುಖವನ್ನು ಸ್ವಲ್ಪ ಓರೆ ಮಾಡಿ, ನನ್ನ ಭುಜದಾಚೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದಳು.

"ಏಳು, ಈಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ."

"ಬಂದ್ಬಿಟ್ಟಳು ದೊಡ್ಡ ಡಾಕ್ಟರು." ಆಮೇಲೆ ದನಿ ತಗ್ಗಿಸಿದಳು. "ಪುಟ್ಟಿ ಅವರ ಮುಖ ಮರೀತಿದ್ದಾಳೆ ಕಣೇ. ಮೊನ್ನೆ ಫೋಟೋ ತೋರಿಸಿದ್ರೆ, ಅಪ್ಪ ಇಷ್ಟು ದಪ್ಪ ಇದ್ರಾ ಅಂತಾಳೆ. ಒಂದೇ ಒಂದು ಸಲ ನೋಡ್ಲಿ ಬಿಡು. ಆಮೇಲೆ ಮರೆಯಲ್ಲ."

ಕಿರುಚಾಡಿದೆ. ಅವಳೂ ಕಿರುಚಿದಳು. ಭಾನುವಾರ ಕಳೆಯುವವರೆಗೆ ಪುಟ್ಟಿಯನ್ನು ನನ್ನ ಮನೆಗೆ ಕಳಿಸೆಂದರೆ ಬಾಗಿಲು ಹಾಕಿಕೊಂಡಳು. ಮೀಟರ್ ಮಾವನಿಗೆ ಹೇಳಿದರೆ, "ನಿನಗೆ ನಂಬಿಕೆ ಇಲ್ಲ, ಅದಕ್ಕೆ ಹೆದರಿಕೆ ಇದೆ ಮಗಳೇ," ಎಂದು ನನ್ನ ತಲೆ ಸವರಿದರು. ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆಯಿಂದ ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಏನಾದರೂ ಮಾಡಿ ಮಗುವನ್ನು ಎತ್ತಿಕೊಂಡು ಓಡಬೇಕು ಎಂದಷ್ಟೇ ಯೋಚಿಸುತ್ತ ಅಂಗಡಿಯಲ್ಲಿ ಕೂತಿದ್ದೆ. ಹೊತ್ತು ನೆತ್ತಿಗೇರುವಾಗ ಲಾಂಡ್ರಿಯವನು ಒಂದು ಬೂದು ಬಣ್ಣದ ಕೋಟು ಹಿಡಿದು ಒಳಗೆ ಬಂದ.

"ಬೇಜಾರು ಮಾಡ್ಕೋಬೇಡಿ," ಎಂದ. "ನಿಮ್ಮಕ್ಕ ಹುಷಾರಾಗಿದ್ದಾರಾ?"

ಕೋಟನ್ನು ನನ್ನ ಮೇಜಿನ ದೀಪದ ಕೆಳಗೆ ಹರಡಿದ. ಜೇಬಿನ ಪಕ್ಕದಲ್ಲಿ ಸಿಗರೇಟು ಸುಟ್ಟ ತೂತು, ಬಂದ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಆಮೇಲೆ ಬೆನ್ನಿನ ಭಾಗ ತಿರುಗಿಸಿದ. ಅಲ್ಲಿ ಏನೂ ಆಗಿರದ ಗಟ್ಟಿ ಬಟ್ಟೆಯ ಮೇಲೆ, ನಾಣ್ಯದಗಲ, ಅಕ್ಕ ರಫೂ ಮಾಡಿದ್ದಳು. ಎಳೆಯ ಮೇಲೆ ಎಳೆ ಹಾಯಿಸಿ, ಸ್ವಲ್ಪವೂ ಸುಕ್ಕಿಲ್ಲದ ಹಾಗೆ. ಅಡಿಯಲ್ಲಿ ಬಟ್ಟೆ ಇದ್ದದ್ದರಿಂದ ಅದು ಸಣ್ಣ ಗುಳ್ಳೆಯಂತೆ ಉಬ್ಬಿತ್ತು.

"ಇಲ್ಲದ ತೂತು ಮುಚ್ಚಿದ್ದಾರೆ," ಎಂದ ಲಾಂಡ್ರಿಯವನು. "ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೀಗಾಗಿಲ್ಲ."

ನಾನು ಕೋಟು ಕಿತ್ತುಕೊಂಡು ಓಡಿದೆ. ಲಿಫ್ಟು ಎಂದಿನಂತೆ ಕೆಟ್ಟು ಕೂತಿತ್ತು. ಮಹಡಿ ಮೇಲೆ ಮಹಡಿ ಹತ್ತುವಾಗ ಮೇಲಿಂದ ಮೀಟರ್ ಮಾವನ ದನಿ ಕೇಳುತ್ತಿತ್ತು: ಕಣ್ಣು ಮುಚ್ಚಿಕೋ ಪುಟ್ಟಿ, ನಾನು ಹೇಳಿದಾಗ ತೆಗಿ, ಮಿಟುಕಿಸಬೇಡ. ಏದುಸಿರು ಬಂತು. ಕೂಗಲು ನೋಡಿದೆ, ದನಿ ಬರಲಿಲ್ಲ.

ಟೆರೇಸಿನ ಬಾಗಿಲು ತಳ್ಳಿದಾಗ ಬೆಳಕು ಮುಖಕ್ಕೆ ಹೊಡೆಯಿತು. ಮಗುಚಿಟ್ಟ ಬಕೆಟಿನ ಮೇಲೆ ಪುಟ್ಟಿ ನಿಂತಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಅಕ್ಕ ಅವಳ ಗದ್ದಕ್ಕೆ ಕೈಕೊಟ್ಟು ಮುಖವನ್ನು ಮೇಲಕ್ಕೆತ್ತಿದ್ದಳು. ಸುತ್ತ ಎಲ್ಲರ ಕೈಯಲ್ಲೂ ಕ್ಯಾಮೆರಾ, ಫೋನು.

"ಈಗ," ಎಂದರು ಮೀಟರ್ ಮಾವ.

ನಾನು ಜನರನ್ನು ತಳ್ಳಿ ನುಗ್ಗಿ, ಕೋಟನ್ನು ಮಗುವಿನ ತಲೆಯ ಮೇಲೆ ಎಸೆದೆ. ಅದು ಅವಳ ಮೊಣಕಾಲಿನವರೆಗೆ ಮುಚ್ಚಿತು.

ಗದ್ದಲವೆದ್ದಿತು. ಯಾರೋ ನನ್ನ ರಟ್ಟೆ ಹಿಡಿದರು. ಅಕ್ಕ ಬೈಯುತ್ತ ಕೋಟನ್ನು ಎಳೆಯಲು ಕೈ ಹಾಕಿದಳು, ಬೆನ್ನಿನ ಬಟ್ಟೆ ಅವಳ ಮುಷ್ಟಿಗೆ ಬಂತು. ಎಳೆಯಲಿಲ್ಲ. ಅವಳ ಹೆಬ್ಬೆರಳು ಆ ಗುಳ್ಳೆಯ ಮೇಲೆ ನಿಂತಿತು. ಒಮ್ಮೆ ಸವರಿದಳು, ಮತ್ತೊಮ್ಮೆ ಸವರಿದಳು. ತನ್ನ ಹೊಲಿಗೆಯನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಬಟ್ಟೆಯ ಒಳಗಿನಿಂದ ಇನ್ನೊಂದು ಕೈ ತೂರಿಸಿ ಅಡಿಯನ್ನು ಮುಟ್ಟಿ ನೋಡಿದಳು.

"ಇಲ್ಲಿ ತೂತು ಇತ್ತು," ಎಂದಳು ನನಗೆ. "ನಾನೇ ನೋಡಿದ್ದೆ."

"ಇರಲಿಲ್ಲ ಅಕ್ಕ. ತೂತು ಜೇಬಿನ ಹತ್ತಿರ ಇದೆ."

ಬೆರಳುಗಳು ಜೇಬಿನ ಕಡೆ ನಡೆದವು. ಸಿಕ್ಕಿತು. ಕಿರುಬೆರಳು ಅದರೊಳಗೆ ಹೋಗಿ ಆಚೆ ಬಂತು. ನನ್ನ ರಟ್ಟೆ ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು.

ಕೋಟಿನೊಳಗಿಂದ ಪುಟ್ಟಿ ಕೇಳಿದಳು, "ಅಮ್ಮಾ, ಕಣ್ಣು ತೆಗೀಲಾ? ಅಪ್ಪ ಬಂದ್ರಾ?"

"ತೆಗೀಬೇಡ," ಎಂದಳು ಅಕ್ಕ. ಮಗುವನ್ನು ಕೋಟಿನ ಸಮೇತ ಎತ್ತಿಕೊಂಡು ನೀರಿನ ತೊಟ್ಟಿಯ ನೆರಳಿಗೆ ಹೋದಳು. ಅಲ್ಲಿ ನೆಲದ ಮೇಲೆ ಮೊಣಕಾಲೂರಿ ಕೂತು, ಸೂರ್ಯನಿಗೆ ಬೆನ್ನು ಕೊಟ್ಟು, ಕೋಟನ್ನು ತೆಗೆದಳು.

"ಈಗ ತೆಗಿ. ನನ್ನ ನೋಡು."

ಪುಟ್ಟಿ ಕಣ್ಣು ಬಿಟ್ಟಳು. "ಅಪ್ಪ ಎಲ್ಲಿ?"

"ಅಲ್ಲಿಲ್ಲ ಮಗಾ."

"ನಿನಗೆ ಕಂಡ್ರು ಅಂದ್ಯಲ್ಲ?"

ಅಕ್ಕ ಮಗಳ ಮುಖವನ್ನು ನೇರವಾಗಿ ನೋಡಿದಳು, ಬಹಳ ಹೊತ್ತು. ಆಮೇಲೆ ಹೇಳಿದಳು:

"ಅಪ್ಪ ಕಾಣಲಿಲ್ಲ. ಈಗ ನೀನೂ ಕಾಣ್ತಿಲ್ಲ. ನೇರ ನೋಡಿದ್ರೆ ನಿನ್ನ ಮುಖ ಇರೋ ಜಾಗದಲ್ಲಿ ಬರೀ ಕಪ್ಪು ಇದೆ."

ಮೀಟರ್ ಮಾವ ಕ್ಯಾಮೆರಾ ಕೆಳಗಿಳಿಸಿದರು. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಕೆಳಗಿಳಿದವು. ಒಬ್ಬಾಕೆ ತನ್ನ ಅಂಗೈಯನ್ನು ಮುಖದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಬೆರಳುಗಳನ್ನು ನೋಡಿಕೊಳ್ಳತೊಡಗಿದಳು.

ಪುಟ್ಟಿ ಅಳಲಿಲ್ಲ. ಎರಡು ಕೈಗಳಿಂದ ಅಮ್ಮನ ಕೆನ್ನೆ ಹಿಡಿದು, ಮುಖವನ್ನು ಮೆಲ್ಲಗೆ ಒಂದು ಬದಿಗೆ ತಿರುಗಿಸಿದಳು.

"ಹೀಗೆ ನೋಡಿದ್ರೆ?"

"ಕಿವಿ ಕಾಣುತ್ತೆ," ಎಂದಳು ಅಕ್ಕ.

ಪುಟ್ಟಿ ಇನ್ನಷ್ಟು ತಿರುಗಿಸಿದಳು. "ಈಗ?"

"ಈಗ ಒಂದು ಕಣ್ಣು. ಸ್ವಲ್ಪ ಮೂಗು."

"ಹಾಗಾದ್ರೆ ಹೀಗೇ ಇರು," ಎಂದು ಪುಟ್ಟಿ ಅವಳ ಕೆನ್ನೆಗಳನ್ನು ಹಿಡಿದುಕೊಂಡೇ ನಿಂತಳು.