ನೇರಳೆ ಬುಡದ ಹಾಲುತುಪ್ಪ

ಬಿಸ್ಮಿಲ್ಲಾ ಬೀ ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಮಗಳು ಬುಷ್ರಾ ಎಣಿಸಿರಲೇ ಇಲ್ಲ. ಮದುವೆ, ಮಯ್ಯತ್ತು ಬಿಟ್ಟರೆ ಶಿಡ್ಲಘಟ್ಟದ ತನ್ನ ಮನೆಯ ಹೊಸಿಲು ದಾಟದ ಹೆಂಗಸು ಅವಳು. ಗಂಡ ಸಾದಿಕ್ ಪಾಷಾ ಹೋದ ವರ್ಷ ತೀರಿಕೊಂಡ ಮೇಲಂತೂ ಮೂಲೆ ಹಿಡಿದು ಕೂತಿದ್ದಳು. ಅಮ್ಮಿಗೆ ಒಂದು ದಿನವಾದರೂ ಹೊರಗಿನ ಗಾಳಿ ಸೋಕಲಿ ಎಂದು, ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಹೇಳುವ ಬುಷ್ರಾ, ಮೊಬೈಲಿನಲ್ಲಿ ದಿಬ್ಬೂರಹಳ್ಳಿ ಕಡೆಯ ಒಂದು ಎಸ್ಟೇಟಿನ ಚಿತ್ರ ತೋರಿಸಿದ್ದಳು. ತೋಪಿನ ನಡುವೆ ಬಿಳೀ ಗುಡಾರಗಳು. ಗುಡಾರದೊಳಗೆ ಮಂಚ, ಏಸಿ, ಮಲಗಿಕೊಂಡು ಸ್ನಾನ ಮಾಡುವ ತೊಟ್ಟಿ. ಗ್ಲ್ಯಾಂಪಿಂಗ್ ಅಂತೆ. ಒಂದು ಕಾಲದಲ್ಲಿ ಗತಿಯಿಲ್ಲದವರು ಗುಡಾರ ಹಾಕುತ್ತಿದ್ದರು, ಈಗ ಉಳ್ಳವರೇ ಗುಡಾರ ಹುಡುಕಿಕೊಂಡು ಹೋಗುತ್ತಾರೆ. ಬಿಸ್ಮಿಲ್ಲಾ ಬೀ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ನಾಳೇನೇ ಹೋಗೋಣ" ಅಂದಳು.

ಅವಳು ಅಲ್ಲಿಗೆ ಯಾಕೆ ಹೊರಟಳೆಂಬುದು ಬುಷ್ರಾಗೆ ತಿಳಿದದ್ದು ಗುಡಾರ ಸೇರಿದ ಮೇಲೆ. ಹಾಸಿಗೆಯ ಮೇಲೆ ಟವೆಲ್ಲನ್ನು ಹಂಸದ ಹಾಗೆ ಮಡಿಸಿಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ಕೂತು ತಾಯಿ ಹೇಳಿದಳು, "ನಿನಗೊಬ್ಬ ಅಣ್ಣ ಇದ್ದ. ಯಾಸೀನ್ ಅಂತ. ಅವನು ಇಲ್ಲೇ ಇದ್ದಾನೆ."

ನಲವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಈ ಎಸ್ಟೇಟಿನ ತುಂಬ ಹಿಪ್ಪುನೇರಳೆ ತೋಟ. ರೇಷ್ಮೆಹುಳು ಸಾಕುವ ಮನೆಯ ಉಸ್ತುವಾರಿ ಸಾದಿಕ್ ಪಾಷಾನದು. ಅಲ್ಲಿನ ಒಂದು ಕೋಣೆಯಲ್ಲೇ ಸಂಸಾರ. ಹೆಸರಿಟ್ಟು ಇನ್ನೂ ವಾರ ಕಳೆದಿರಲಿಲ್ಲ, ಕೂಸು ಜ್ವರದಲ್ಲಿ ಹೋಗಿಬಿಟ್ಟಿತು. ಹೊರಗೆ ಎಡೆಬಿಡದ ಮಳೆ, ಹಳ್ಳ ಕಟ್ಟೆಯೊಡೆದು ರಸ್ತೆ ಕಡಿದುಹೋಗಿತ್ತು. ಮಯ್ಯತ್ತನ್ನು, ಸತ್ತವರ ದೇಹವನ್ನು, ಕಾಯಿಸಬಾರದು. ಗಂಡನೇ ತೊಳೆದು, ತಾನೇ ನಮಾಜು ಮಾಡಿ, ತೋಪಿನ ನೇರಳೆ ಮರದ ಬುಡದಲ್ಲಿ ಮಣ್ಣು ಮಾಡಿ, ತಲೆಯ ಕಡೆಗೆ ಒಂದು ಕಲ್ಲು ನೆಟ್ಟು ಬಂದ. ಯಜಮಾನರಿಗೆ ಗೊತ್ತಾದರೆ ಅಗೆಸಿಹಾಕುತ್ತಾರೆಂಬ ಹೆದರಿಕೆ. ಕೂಲಿಯವರ ಕೈಕಾಲು ಹಿಡಿದು ಬಾಯಿ ಮುಚ್ಚಿಸಿದ. ಹೆಂಗಸರು ಮಣ್ಣಿಗೆ ಹೋಗುವ ಹಾಗಿಲ್ಲವಲ್ಲ, ಬಿಸ್ಮಿಲ್ಲಾ ಬೀ ಒಳಗೇ ಉಳಿದಳು. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಲಕ್ಷ್ಮಿದೇವಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದೆ ಕಟ್ಟಿಕೊಂಡು ಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತು. "ಮೂರು ದಿನಕ್ಕೆ ಹಾಲುತುಪ್ಪ ಬಿಡೋರು ಯಾರು ಬೂಬಮ್ಮ?" ಎಂದು ಲಕ್ಷ್ಮಿದೇವಮ್ಮ ಕೇಳಿದ್ದಳು. "ನಮ್ಮಲ್ಲಿ ಅದಿಲ್ಲ" ಎಂದಿದ್ದಳು ಇವಳು. ತಿಂಗಳೊಳಗೆ ಆ ಕೆಲಸ ಬಿಟ್ಟು ಶಿಡ್ಲಘಟ್ಟಕ್ಕೆ ಬಂದದ್ದಾಯಿತು. ಆಮೇಲೆ ಆ ಹೆಸರೆತ್ತಿದರೆ ಗಂಡ ಎದ್ದು ಹೊರಗೆ ಹೋಗುತ್ತಿದ್ದ.

"ಒಂದು ಸಲ, ಒಂದೇ ಸಲ ಅವನ ತಲೆ ಹತ್ತಿರ ಕೂತು ಫಾತಿಹಾ ಓದಬೇಕು" ಎಂದಳು ಬಿಸ್ಮಿಲ್ಲಾ ಬೀ. ಬುಷ್ರಾ ತಾಯಿಯ ಕೈ ಹಿಡಿದುಕೊಂಡಳು.

ಸಂಜೆ ಇಬ್ಬರೂ ತೋಪಿನೊಳಗೆ ಹೋದರು. ಹಿಪ್ಪುನೇರಳೆ ಒಂದು ಕಡ್ಡಿಯೂ ಉಳಿದಿರಲಿಲ್ಲ. ಹೊಂಗೆ, ಹುಣಸೆ ಮರಗಳಿಗೆಲ್ಲ ದೀಪದ ಸರ ಸುತ್ತಿದ್ದರು. ನೇರಳೆ ಮರ ಮಾತ್ರ ಇತ್ತು, ಕಲ್ಲೂ ಇತ್ತು. ಆದರೆ ಕಲ್ಲಿನ ತುಂಬ ಅರಿಶಿನ, ಕುಂಕುಮ. ಮೇಲೊಂದು ಕಣಗಿಲೆ ಹೂವಿನ ಹಾರ. ಬಿಸ್ಮಿಲ್ಲಾ ಬೀ ನಿಂತಲ್ಲೇ ನಿಂತಳು.

ಮ್ಯಾನೇಜರ್ ರಮೇಶ್‌ಬಾಬು ಅತ್ತಲೇ ಬಂದ. ನಗುಮುಖದ ಮನುಷ್ಯ, ಅವನ ಕೆಲಸವೇ ಅದು. "ಸಾರಿ ಮೇಡಂ, ಅದು ಕೆಲಸದವರ ಮುನೇಶ್ವರ. ಓನರ್ ಇಲ್ಲೊಂದು ಈಜುಕೊಳ ಮಾಡಿ ಅಂತಾ ಇದಾರೆ. ಬರೀ ಕಲ್ಲಾಗಿದ್ರೆ ಯಾವತ್ತೋ ಕಿತ್ತು ಹಾಕ್ತಿದ್ದೆ. ದೇವರು ಅಂತಾರೆ ನೋಡಿ, ಮುಟ್ಟೋಕೆ ನನಗೂ ಧೈರ್ಯ ಇಲ್ಲ" ಅಂದ.

ಗುಡಾರಕ್ಕೆ ಮರಳಿದ್ದೇ ಬುಷ್ರಾ ಸಿಡಿದಳು. "ಮಣ್ಣು ಮಾಡಿದ ಖಬರಿನ ಮೇಲೆ ಕುಂಕುಮ ಹಚ್ಚಿ ಪೂಜೆ ಮಾಡ್ತಾರಲ್ಲ ಅಮ್ಮಿ! ಹೇಳಿಬಿಡೋಣ. ಇದು ನಮ್ಮ ಅಣ್ಣನ ಜಾಗ ಅಂತ ಹೇಳೋಣ."

"ಹೇಳಿದರೆ ಅವನು ದೇವರಲ್ಲ ಅಂತ ಆಗುತ್ತೆ. ದೇವರಲ್ಲ ಅಂತಾದರೆ ಮಾರನೇ ದಿನ ಹಾರೆ ಬರುತ್ತೆ."

"ಸುಮ್ಮನಿದ್ದರೆ ಗುನಾಹ್ ಅಲ್ವಾ?"

ಐದು ಹೊತ್ತಿನ ನಮಾಜು ತಪ್ಪಿಸದ ಹೆಂಗಸು ಬಿಸ್ಮಿಲ್ಲಾ ಬೀ. ಅಲ್ಲಾಹನ ಜೊತೆಗೆ ಇನ್ನೊಬ್ಬರನ್ನು ಕೂರಿಸುವುದಕ್ಕಿಂತ ದೊಡ್ಡ ಪಾಪವಿಲ್ಲವೆಂದು ಮಕ್ಕಳಿಗೆ ಕಲಿಸಿದವಳೂ ಅವಳೇ. ಈಗ ನೋಡಿದರೆ ತಾನು ಹೆತ್ತ ಕೂಸನ್ನೇ ಜನ ಕೂರಿಸಿಬಿಟ್ಟಿದ್ದಾರೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಅವಳು ರಾತ್ರಿಯೆಲ್ಲ ಎದ್ದೇ ಕೂತಿದ್ದಳು.

ಬೆಳಿಗ್ಗೆ ಮರದ ಹತ್ತಿರ ಹೋದಾಗ ಅಡುಗೆಮನೆಯಲ್ಲಿ ಕೆಲಸ ಮಾಡುವ ಮಂಗಮ್ಮ ಅಲ್ಲಿದ್ದಳು. ಐವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು. ಪಕ್ಕದಲ್ಲಿ ಚೊಂಬಿನ ತುಂಬ ಹಾಲು, ಇನ್ನೊಂದರಲ್ಲಿ ನೀರು, ಒಂದು ಕುಂಕುಮದ ಪೊಟ್ಟಣ.

"ಬನ್ನಿ ಅಮ್ಮ, ನೀವೂ ಏನಾದ್ರೂ ಬೇಡ್ಕೊಳ್ಳಿ. ಮಕ್ಕಳ ದೇವರು ಇದು. ನನಗೆ ಎಷ್ಟು ವರ್ಷ ಮಕ್ಕಳಿರಲಿಲ್ಲ, ಇಲ್ಲಿ ಹರಕೆ ಹೊತ್ಮೇಲೇ ನನ್ನ ಸುನೀಲ ಹುಟ್ಟಿದ್ದು."

"ಇದನ್ನ ಯಾರಮ್ಮ ಶುರು ಮಾಡಿದ್ದು?" ಎಂದು ಬಿಸ್ಮಿಲ್ಲಾ ಬೀ ಕೇಳಿದಳು.

"ನಮ್ಮತ್ತೆ, ಲಕ್ಷ್ಮಿದೇವಮ್ಮ ಅಂತ. ಅಮಾಸೆ ಅಮಾಸೆಗೂ ಬಂದು ಬರೀ ಹಾಲುತುಪ್ಪ ಬಿಡೋರು. ಅರಿಶಿನ ಕುಂಕುಮ ಹಚ್ಚೋಕೆ ಹೋದ್ರೆ ಕೈ ಮೇಲೆ ಹೊಡೆಯೋರು. ಯಾಕತ್ತೆ ಅಂದ್ರೆ ಬಾಯೇ ಬಿಡ್ತಿರ್ಲಿಲ್ಲ. ಅವರು ಹೋದ್ಮೇಲೆ ಜನ ಕೇಳ್ತಾರಾ? ಮುನೇಶ್ವರ ಅಂದ್ರು, ಪೂಜೆ ಶುರುವಾಯ್ತು."

ಹಾಲುತುಪ್ಪ ಬಿಡುವುದು ದೇವರಿಗಲ್ಲ, ಮಣ್ಣು ಸೇರಿದವರಿಗೆ. ಇದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಗೋರಿಯಿದೆಯೆಂದು ಗೊತ್ತಿದ್ದವರು ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಹೊಲಿದುಕೊಂಡೇ ಸತ್ತರು. ಗೊತ್ತಿಲ್ಲದವರ ಕಣ್ಣಿಗೆ ಕಂಡದ್ದು ಕಲ್ಲಿಗೆ ಹಾಲೆರೆಯುವ ಮುದುಕಿ ಮಾತ್ರ. ಬಿಸ್ಮಿಲ್ಲಾ ಬೀಗೆ ಎಲ್ಲವೂ ಅರ್ಥವಾಯಿತು. ರಾತ್ರಿಯ ಸಿಟ್ಟು ಎಲ್ಲಿ ಹೋಯಿತೋ. ತಾನು ಬಿಟ್ಟುಹೋದ ಕೂಸಿಗೆ ಇನ್ನೊಬ್ಬಳು ಇಷ್ಟು ವರ್ಷ ಹಾಲು ಕೊಟ್ಟಿದ್ದಳು. ಅವಳ ಸೊಸೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಮಂಗಮ್ಮ, ಇದು ಮುನೇಶ್ವರ ಅಲ್ಲಮ್ಮ. ಇಲ್ಲಿರೋದು ನನ್ನ ಮಗ. ನಿಮ್ಮತ್ತೆಗೆ ಗೊತ್ತಿತ್ತು."

ಮಂಗಮ್ಮ ಮೊದಲು ನಂಬಲಿಲ್ಲ. ಬುರ್ಕಾ ತೊಟ್ಟ ಮುದುಕಿಯನ್ನೂ ಕಲ್ಲನ್ನೂ ಬಾರಿಬಾರಿಗೂ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಮ್ಮತ್ತೆ ನಿಮ್ಮನ್ನ ಏನಂತ ಕರೀತಿದ್ರು?"

"ಬೂಬಮ್ಮ ಅಂತ."

ಮಂಗಮ್ಮ ಹಣೆ ಬಡಿದುಕೊಂಡಳು. "ಸಾಯೋ ಹೊತ್ನಲ್ಲಿ ಅದೇ ಅಂತಿದ್ರಮ್ಮ. ಬೂಬಮ್ಮನ ಕೂಸಿಗೆ ಹಾಲು ಬಿಡ್ರೇ, ಬೂಬಮ್ಮನ ಕೂಸಿಗೆ ಹಾಲು ಬಿಡ್ರೇ ಅಂತ. ಜ್ವರಕ್ಕೆ ಏನೋ ಬಡಬಡಿಸ್ತಾರೆ ಅಂದ್ಕೊಂಡ್ವಿ."

ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಮಂಗಮ್ಮ ಹಾರ ತೆಗೆದಿಟ್ಟು, ಚೊಂಬಿನ ನೀರು ಸುರಿದು, ಸೆರಗಿನಿಂದ ಕಲ್ಲನ್ನು ಉಜ್ಜಿ ಉಜ್ಜಿ ತೊಳೆದಳು. "ಏನು ಹೆಸರಿಟ್ಟಿದ್ರಿ?" ಎಂದು ಕೇಳಿದಳು. "ಯಾಸೀನ್" ಎಂದಳು ತಾಯಿ. ಮಂಗಮ್ಮ ಆ ಹೆಸರನ್ನು ಒಮ್ಮೆ ತನ್ನ ಬಾಯಲ್ಲಿ ಹೇಳಿ ನೋಡಿ, ಬರಿಗಲ್ಲಿನ ಬುಡಕ್ಕೆ ನಿಧಾನವಾಗಿ ಹಾಲು ಬಿಟ್ಟಳು. ಬಿಸ್ಮಿಲ್ಲಾ ಬೀ ಮಗನ ತಲೆಯ ಹತ್ತಿರ ಕೂತು ಎರಡೂ ಅಂಗೈ ಚಾಚಿ ಫಾತಿಹಾ ಓದಿದಳು. ಬುಷ್ರಾ ಹಿಂದೆ ನಿಂತು ತಾನೂ ಕೈ ಚಾಚಿದಳು.

ಅಷ್ಟರಲ್ಲಿ ಬ್ಯಾಟರಿ ಗಾಡಿ ಬಂತು. ರಮೇಶ್‌ಬಾಬು ಇಳಿದ, ಜೊತೆಗೆ ಅಳತೆ ಟೇಪು ಹಿಡಿದ ಮೇಸ್ತ್ರಿಯೊಬ್ಬ. ತೊಳೆದ ಕಲ್ಲು ನೋಡಿ ರಮೇಶ್‌ಬಾಬು ಹುಬ್ಬೇರಿಸಿದ.

"ಏನ್ ಮಂಗಮ್ಮ, ಕಲ್ಲು ಬೋಳಾಗಿದೆ? ನಿಮ್ಮ ದೇವರು ಜಾಗ ಖಾಲಿ ಮಾಡಿದ್ನಾ?" ಎಂದು ನಕ್ಕ. ಮೇಸ್ತ್ರಿ ಟೇಪಿನ ತುದಿ ಎಳೆದ.

ಕುಂಕುಮದ ಪೊಟ್ಟಣ ತೆಗೆದಿಟ್ಟ ಹಾರದ ಪಕ್ಕದಲ್ಲೇ ಇತ್ತು. ಮಂಗಮ್ಮ ಬಿಸ್ಮಿಲ್ಲಾ ಬೀಯ ಮುಖ ನೋಡಿದಳು. ಬುಷ್ರಾ ಕೂಡ ತಾಯಿಯ ಮುಖವನ್ನೇ ನೋಡಿದಳು. ಮಗ ಅವಳಿಗೆ ಮಗನಾಗಿ ಸಿಕ್ಕಿ ಒಂದು ಫಾತಿಹಾ ಓದುವಷ್ಟು ಹೊತ್ತು ಮಾತ್ರ ಆಗಿತ್ತು.

"ಪೂಜೆಗೆ ತೊಳೆದಿದ್ದಾಳಪ್ಪ" ಎಂದಳು ಬಿಸ್ಮಿಲ್ಲಾ ಬೀ. ಆಮೇಲೆ ಮಂಗಮ್ಮನ ಕಡೆ ತಿರುಗಿ, "ಹಚ್ಚಮ್ಮ" ಅಂದಳು.

ಮಂಗಮ್ಮ ಪೊಟ್ಟಣ ಬಿಚ್ಚಿ ಬೆರಳಿಗೆ ಕುಂಕುಮ ತೆಗೆದುಕೊಂಡು ಹಿಂಜರಿದಳು. ಬಿಸ್ಮಿಲ್ಲಾ ಬೀ ಅವಳ ಮಣಿಕಟ್ಟನ್ನು ಹಿಡಿದು ಕಲ್ಲಿನವರೆಗೆ ಒಯ್ದಳು. ಕುಂಕುಮ ಹತ್ತಿತು. ಮೇಸ್ತ್ರಿ ಟೇಪು ಸುತ್ತಿ ಜೇಬಿಗಿಟ್ಟು, ಚಪ್ಪಲಿ ಕಳಚಿ, ಕೈ ಮುಗಿದ.