ಸಡಿಲ ಬಿಟ್ಟ ತಂತಿ

ಅಂಕಲಿಯ ಧನಪಾಲ ಕುಳಿತು ಚಹ ಮುಗಿಸಿದ್ದನ್ನು ಕಂಡವರಿಲ್ಲ. ಅರ್ಧ ಕಪ್ಪು ಕುಡಿದು, ಉಳಿದದ್ದನ್ನು ಕಟ್ಟೆಯ ಮೇಲಿಟ್ಟು ಎದ್ದುಬಿಡುವನು. ಚಿಕ್ಕೋಡಿಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಹೋಗುವನು. ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿದ್ದ ಇಕ್ಕಳದ ಭಾರಕ್ಕೆ ಎಡಹೆಗಲು ತುಸು ವಾಲಿ, ಅವನ ನಡಿಗೆಯೇ ಯಾರನ್ನೋ ಬೆನ್ನಟ್ಟಿದಂತಿರುತ್ತಿತ್ತು.

ಇಂಥವನಿಗೆ, ಮನೆಯಲ್ಲೇ ಕುಳಿತು ದೂರದ ಅಪರಿಚಿತರನ್ನು ಸಂಕೇತದಲ್ಲಿ ಕರೆದು ಮಾತಾಡಿಸುವ ಹ್ಯಾಮ್ ರೇಡಿಯೊದ ಹುಚ್ಚು ಹತ್ತಿತು. ಲೈಸನ್ಸ್ ಪಡೆದು, ಮನೆಯ ಹಿಂದೆ ಪಾಳುಬಿದ್ದಿದ್ದ ಕಪ್ಪು ಎರೆಮಣ್ಣಿನ ಹೊಲದ ತುಂಡಿನಲ್ಲಿ ಎತ್ತರದ ಕಂಬ ನೆಟ್ಟ. ದೇಶಾಂತರದ ಸಂಕೇತಗಳೆಲ್ಲ ಅವನಿಗೆ ಕೇಳುತ್ತಿದ್ದವು; ಅವನ ಕರೆಗೆ ಮಾತ್ರ ಯಾರೂ ಓಗೊಡಲಿಲ್ಲ. ಕಂಬದ ಬುಡದಿಂದ ಸುತ್ತಲೂ ಬೇರಿನಂತೆ ತಾಮ್ರದ ತಂತಿಗಳನ್ನು ಹೂಳದಿದ್ದರೆ ಕರೆಯ ಶಕ್ತಿಯೆಲ್ಲ ಮಣ್ಣಿಗೇ ಇಂಗಿಹೋಗುತ್ತದೆಂದು ತಿಳಿದ ಕೂಡಲೇ ಗುದ್ದಲಿ ತೆಗೆದ. ತಾಯಿ ಕಾಶಿಬಾಯಿ ಅಡ್ಡ ನಿಂತಳು. ನೆಲದೊಳಗಿನ ಜೀವಕ್ಕೆ ನೋವಾದೀತೆಂದು ಗಡ್ಡೆ ತಿನ್ನದ ಜೈನ ಮನೆ ಅದು.

“ಹೊಟ್ಟಿಗಾಗಿ ನೆಲ ಅಗೀತೀವಿ. ಆಟಕ್ಕ ಅಗ್ಯಾಂಗಿಲ್ಲ,” ಎಂದಳು. ಬರುವ ವರ್ಷದ ಯುಗಾದಿಯೊಳಗೆ ಒಬ್ಬರಾದರೂ ಉತ್ತರಿಸದಿದ್ದರೆ ಕಂಬ ಕೀಳಬೇಕೆಂದು ಮಾತನ್ನೂ ತೆಗೆದುಕೊಂಡಳು.

ಅದು ಎಂಬತ್ತೇಳರ ಮಾತು. ಆ ಬೇಸಿಗೆಯಲ್ಲಿ ಎರೆನೆಲ ಬಾಯಿಬಿಟ್ಟಾಗ ಧನಪಾಲನಿಗೆ ಹಾದಿ ಹೊಳೆಯಿತು. ಗುದ್ದಲಿ ಮುಟ್ಟದೆ ಬಿರುಕುಗಳೊಳಗೇ ತಂತಿ ಇಳಿಸಿದ. ಆದರೆ ತಾಳಿ ಗೊತ್ತಿಲ್ಲದ ಕೈ. ಒಂದೊಂದನ್ನೂ ಬಟ್ಟೆ ಹರವುವ ತಂತಿಯಂತೆ ಬಿಗಿದೆಳೆದು ತುದಿಗೆ ಗೂಟ ಜಡಿದ. ಮಳೆ ಬಿತ್ತು, ಎರೆ ಉಬ್ಬಿ ಬಿರುಕು ಮುಚ್ಚಿತು, ಬಿಗಿದ ತಂತಿಗಳು ಒಳಗೊಳಗೇ ತುಂಡಾದವು. ತಂತಿ ಪರೀಕ್ಷಿಸುವ ಮೀಟರು ಹಚ್ಚಿದಾಗ ಅದು ತಿಳಿಯಿತು, ಆದರೆ ಅಗೆದು ಜೋಡಿಸುವಂತಿರಲಿಲ್ಲ. ಆ ಚಾತುರ್ಮಾಸವಿಡೀ ಅವನು ಹಸಿ ನೆಲದ ಸುತ್ತ ತಿರುಗಿದ; ಹೆಂಡತಿ ಮಂಗಲ ಅವನ ಚಹವನ್ನು ಹಿತ್ತಲಿಗೇ ಒಯ್ದು ಕೊಡುತ್ತಿದ್ದಳು.

ಮಾಘದಲ್ಲಿ ನೆಲ ಮತ್ತೆ ಬಿರಿದಾಗ ತುಂಡುಗಳು ಕಂಡವು. ಈ ಮಣ್ಣು ವರ್ಷಕ್ಕೊಮ್ಮೆ ಉಬ್ಬುತ್ತದೆ, ವರ್ಷಕ್ಕೊಮ್ಮೆ ಕುಗ್ಗುತ್ತದೆ ಎಂದು ಹುಟ್ಟಿದಾಗಿನಿಂದ ಬಲ್ಲವನು, ತಂತಿ ಎಳೆಯುವಾಗ ಅದನ್ನೇ ಮರೆತಿದ್ದ. ಈ ಸಲ ಅವುಗಳನ್ನು ಜೋಡಿಸಿ, ಅಂಕುಡೊಂಕಾಗಿ, ಸಡಿಲವಾಗಿ ಬಿಟ್ಟು, ಮೇಲೆ ಪುಡಿಮಣ್ಣು ಸುರಿದ. ಜೀವಮಾನದಲ್ಲಿ ಅವನು ಸಡಿಲ ಬಿಟ್ಟ ಮೊದಲ ವಸ್ತು ಅದೇ ಇರಬೇಕು.

ಆದರೂ ಉತ್ತರವಿಲ್ಲ. ಕರೆ ಕಳಿಸುವನು, ಒಂದು ಗಳಿಗೆ ಕಿವಿಗೊಡುವನು, ತಂತಿ ಸರಿಯಿದೆಯೋ ಇಲ್ಲವೋ ಎಂದು ಕಂಬದ ಬುಡಕ್ಕೆ ಓಡುವನು. ಯುಗಾದಿಯ ಹಿಂದಿನ ಸಂಜೆಯೂ ಹಾಗೆಯೇ ಓಡಿದ. ಒಳಗೆ ರೊಟ್ಟಿ ತಟ್ಟುತ್ತಿದ್ದ ಮಂಗಲ ರೇಡಿಯೊದ ಸದ್ದಿಗೆ ಕೈ ನಿಲ್ಲಿಸಿದಳು. ಗಂಡ ತನ್ನ ಕರೆಹೆಸರನ್ನು ಟಕಟಕ ಸಂಕೇತದಲ್ಲಿ ಸಾವಿರ ಸಲ ಕುಟ್ಟುವುದನ್ನು ಕೇಳಿ ಕೇಳಿ ಆ ಲಯ ಅವಳಿಗೆ ಬಾಯಿಪಾಠವಾಗಿತ್ತು. ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು: “ಒಳಗ ಬರ್ರಿ. ನೀವು ಹೊರಗ ಅದೀರಿ, ನಿಮ್ಮ ಹೆಸರು ಒಳಗ ಬಡ್ಯಾಕತ್ತೈತಿ.”

ಕರೆದವನು ಸಿಂಹಳದ ಯಾರೋ ಅಪರಿಚಿತ. ಮೊನ್ನೆಯೂ ಕರೆದೆ, ನಿನ್ನೆಯೂ ಕರೆದೆ, ನೀವು ಸಿಗಲಿಲ್ಲ ಎಂದು ಅವನು ಸಂಕೇತದಲ್ಲೇ ತಿಳಿಸಿದಾಗ ಧನಪಾಲ ಮೊದಲ ಬಾರಿಗೆ ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು ಕುಳಿತ. ಕಂಬ ಉಳಿಯಿತು. ಮಂಗಲ ತಂದಿಟ್ಟ ಚಹವನ್ನು ಮಾತ್ರ ಅಂದೂ ಅರ್ಧಕ್ಕೇ ಬಿಟ್ಟ.

ಅವನಂಥವರನ್ನು ನೆನೆದಾಗ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಜಗತ್ತನ್ನೆಲ್ಲ ಕೂಗಿ ಕರೆಯುವ ಈ ಜನ, ಜಗತ್ತು ಓಗೊಡುವ ಹೊತ್ತಿಗೆ ಹಿತ್ತಲಲ್ಲಿರುತ್ತಾರೆ. ಅವರ ಪಾಲಿನ ಉತ್ತರವನ್ನು ಮನೆಯೊಳಗೆ ಯಾರಾದರೊಬ್ಬರು ಕೇಳಿಸಿಕೊಂಡಿರಬೇಕು.