ಗಾಜಿನ ತೊಟ್ಟಿಯ ಹನ್ನೊಂದು ಕಪ್ಪೆ

ಶಾಲೆಯವರೆಲ್ಲ ಅವಳನ್ನು ಗೊದಮೊಟ್ಟೆ ಅಂತಲೇ ಕರೆಯುತ್ತಿದ್ದರು. ಒಂಬತ್ತನೇ ತರಗತಿಯ ಆ ಹುಡುಗಿಗೆ ಒಂದು ವರ್ಷದಿಂದ ಕಪ್ಪೆ ಬಿಟ್ಟರೆ ಬೇರೆ ಮಾತಿಲ್ಲ. ಶಾಲೆಯ ಹಿಂದಿನ ಹೊಂಡದಲ್ಲಿ ಕಪ್ಪೆಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿರುವುದನ್ನು ಎಣಿಸಿ ಬರೆದಿಟ್ಟಿದ್ದಳು, ಬೀದಿ ಬೀದಿ ತಿರುಗಿ ಭಿತ್ತಿಪತ್ರ ಅಂಟಿಸಿದ್ದಳು, ಕೈಗೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಬಿಗಿದಿದ್ದಳು. ಗೊದಮೊಟ್ಟೆ ಎಂದವರಿಗೆ ತಿರುಗಿ "ಏನು?" ಅನ್ನುತ್ತಿದ್ದಳೇ ಹೊರತು ಬೇಜಾರು ಮಾಡಿಕೊಂಡವಳಲ್ಲ.

ಈಗ ಆ ಹೊಂಡಕ್ಕೇ ಸಂಚಕಾರ ಬಂದಿತ್ತು. ಅದಕ್ಕೆ ಮಣ್ಣು ತುಂಬಿಸಿ ಗಾಡಿ ನಿಲ್ಲಿಸಲು ಜಾಗ ಮಾಡಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಅಧ್ಯಕ್ಷರ ರುಜು ಒಂದೇ ಬಾಕಿ. ಆ ಅಧ್ಯಕ್ಷರೇ ಇವತ್ತು ಹತ್ತು ಗಂಟೆಗೆ ವಿಜ್ಞಾನ ಪ್ರದರ್ಶನ ನೋಡಲು ಬರುವವರಿದ್ದರು.

"ಚಿತ್ರ ಸಾಕು ಕಣಮ್ಮ, ಜೀವ ಇರೋದನ್ನ ಗಾಜಿನೊಳಗೆ ಯಾಕೆ ಹಾಕ್ತೀಯ?" ಎಂದು ವಿಜ್ಞಾನದ ಮೇಷ್ಟ್ರು ಮೊದಲೇ ಹೇಳಿದ್ದರು.

ಅವಳು ಪಟ್ಟು ಬಿಡಲಿಲ್ಲ. "ಚಿತ್ರ ನೋಡಿ ಯಾರ ಕರುಳೂ ಚುರ್ ಅನ್ನಲ್ಲ ಸರ್. ಒಂದೇ ದಿನ. ಸಂಜೆಗೆ ವಾಪಸ್ ಬಿಟ್ಟುಬಿಡ್ತೀವಿ."

ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಅವಳೂ ಅವಳ ಗೆಳತಿ ಜಡೆಯೂ (ಮಂಡಿ ಮುಟ್ಟುವ ಕೂದಲಿಗೆ ಬಂದ ಹೆಸರು) ಹೊಂಡದ ನೀರು, ಪಾಚಿ, ಕಲ್ಲು ಸಮೇತ ಹನ್ನೊಂದು ಕಪ್ಪೆ ತಂದು ಸಭಾಂಗಣದ ಗಾಜಿನ ತೊಟ್ಟಿಗೆ ಬಿಟ್ಟು, ಮೇಲೆ ಬಲೆ ಕಟ್ಟಿ ಹೋಗಿದ್ದರು.

ಬೆಳಿಗ್ಗೆ ಎಂಟೂವರೆಗೆ ಸಭಾಂಗಣದ ಬಾಗಿಲು ತಳ್ಳಿದ ಗೊದಮೊಟ್ಟೆ ಅಲ್ಲೇ ನಿಂತುಬಿಟ್ಟಳು. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಪಾಚಿಯ ಸುಳಿವಿಲ್ಲ. ಕಲ್ಲುಗಳನ್ನು ತಿಕ್ಕಿ ಸಾಲಾಗಿ ಜೋಡಿಸಿಟ್ಟಿತ್ತು. ನಲ್ಲಿಯ ತಿಳಿನೀರಿನಲ್ಲಿ ಮೂರು ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಿಕ್ಕವು ಗಾಜಿಗೆ ಒರಗಿ, ಹಿಂಗಾಲು ಚಾಚಿ, ಬಾಯಿ ತೆರೆದು ಮುಚ್ಚುತ್ತಿದ್ದವು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು.

ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ಅಮ್ಮ ನಿಂತಿದ್ದಳು. ಅಮ್ಮ ಆ ಶಾಲೆಯ ಆಯಾ. ದಿನಾ ಆರಕ್ಕೇ ಬಂದು ಕೋಣೆಗಳನ್ನು ಗುಡಿಸಿ ಒರೆಸುವುದು ಅವಳ ಕೆಲಸ. ಮುಖದ ತುಂಬ ಹೆಮ್ಮೆ.

"ನೋಡು, ಹೇಗಿದೆ? ಎಲ್ಲರ ಮೇಜೂ ಲಕ್ಷಣವಾಗಿದೆ, ನನ್ನ ಮಗಳದ್ದೊಂದೇ ಕೆಸರು ಕೆಸರು. ದೊಡ್ಡವರು ಬಂದು ಮೂಗು ಮುಚ್ಕೊಂಡ್ರೆ? ಪುಡಿ ಹಾಕಿ ಚೆನ್ನಾಗಿ ಉಜ್ಜಿದೆ. ಪಾಪ, ಸುಸ್ತಾಗಿ ಮಲಗಿವೆ ಅನ್ಸುತ್ತೆ."

"ಮಲಗಿಲ್ಲ ಅಮ್ಮ, ಸಾಯ್ತಿವೆ!" ಅವಳು ತೊಟ್ಟಿಯತ್ತ ಓಡಿದಳು. "ಅವು ಚರ್ಮದಲ್ಲೇ ನೀರು ಕುಡಿಯೋದು, ಚರ್ಮದಲ್ಲೂ ಉಸಿರಾಡ್ತವೆ. ಪುಡಿಯೆಲ್ಲ ಒಳಗೆ ಹೋಗ್ತಿದೆ!"

ಅಮ್ಮನ ಕೈಯಿಂದ ಬಟ್ಟೆ ಜಾರಿತು.

ಅಷ್ಟರಲ್ಲಿ ಜಡೆ ಬಂದಳು. ಇಬ್ಬರೂ ಒಂದೊಂದು ಬಕೆಟ್ ಹಿಡಿದು ಮೈದಾನ ದಾಟಿ ಓಡಿದರು. ಹೊಂಡದ ನೀರು ಮೊಗೆದು, ದಾರಿಯುದ್ದಕ್ಕೂ ಅರ್ಧ ಚೆಲ್ಲುತ್ತ ವಾಪಸ್ ಓಡಿ ಬಂದರು. ಕಪ್ಪೆಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ಆ ನೀರಿನಲ್ಲಿ ತೊಳೆದರು. ಅಮ್ಮ ಮುಂದೆ ಬಂದಳು, ಹಿಂದೆ ಸರಿದಳು. ಮುಟ್ಟಬೇಕೋ ಬಿಡಬೇಕೋ ತಿಳಿಯದೆ ಕೈ ಕೈ ಹಿಸುಕಿಕೊಂಡಳು. ಇನ್ನೆರಡು ಕಪ್ಪೆಗಳು ಅಂಗೈಯಲ್ಲೇ ಹೋದವು. ಆರು ಮಾತ್ರ ಕಾಲು ಮಡಿಚಿಕೊಂಡು ಬಕೆಟ್ಟಿನಲ್ಲಿ ಕುಳಿತವು.

ಒಂಬತ್ತೂಮುಕ್ಕಾಲಿಗೆ ಹೆಡ್‌ಮೇಡಂ ಒಳಗೆ ಬಂದರು. ಒದ್ದೆ ನೆಲ, ಮೇಜಿನ ಮೇಲೆ ಪತ್ರಿಕೆಯ ಹಾಳೆಯಲ್ಲಿ ಐದು ಸತ್ತ ಕಪ್ಪೆ.

"ಯಾರು ಈ ತೊಟ್ಟಿ ಮುಟ್ಟಿದ್ದು?"

ಹೋದ ತಿಂಗಳಷ್ಟೇ ಪ್ರಯೋಗಾಲಯದ ಗಾಜಿನ ಸಾಮಾನು ಒಡೆದದ್ದಕ್ಕೆ ಮೇಡಂ ಅಮ್ಮನಿಗೆ, "ಇನ್ನೊಂದು ಸಲ ಹೀಗಾದ್ರೆ ನಾಳೆಯಿಂದ ಬರಬೇಡ" ಎಂದಿದ್ದರು. ಮಗಳಿಗೆ ಅದು ಗೊತ್ತಿತ್ತು.

"ನಾನೇ ಮೇಡಂ," ಎಂದಳು.

ಅಮ್ಮ ನೆಲ ನೋಡುತ್ತ ನಿಂತಳು. ಬಾಯಿ ಬಿಡಲಿಲ್ಲ. ಬಿಡದಿರಲಿ ಅಂತಲೇ ಮಗಳು ಸುಳ್ಳು ಹೇಳಿದ್ದು. ಆದರೂ ಅಮ್ಮ ಸುಮ್ಮನಿದ್ದದ್ದು ಎದೆಗೆ ಚುಚ್ಚಿತು.

"ಸತ್ತಿದ್ದನ್ನ ಕಸಕ್ಕೆ ಹಾಕು. ಬದುಕಿರೋದನ್ನ ತೊಟ್ಟಿಗೆ ಬಿಡು. ಅಧ್ಯಕ್ಷರ ಮುಂದೆ ಇದರ ಸೊಲ್ಲೆತ್ತಕೂಡದು."

"ಗಾಜಿಗೆ ಇನ್ನೂ ಪುಡಿ ಅಂಟಿದೆ. ಹಾಕಿದ್ರೆ ಇವೂ ಹೋಗ್ತವೆ ಮೇಡಂ. ನಾನು ಹಾಕಲ್ಲ."

"ಹಾಕಲ್ವಾ? ಹಾಗಾದ್ರೆ ಮೇಜು ಖಾಲಿ ಮಾಡು!"

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಮೇಡಂ ಅತ್ತ ಧಾವಿಸಿದರು. ಅವಳು ಬಕೆಟ್ಟನ್ನು ಜಡೆಯ ಕೈಗಿತ್ತು, "ಹಿಂದಿನ ಬಾಗಿಲಿಂದ ಹೋಗು. ನೆರಳಿರೋ ಕಡೆ ಬಿಡು, ನಿಧಾನಕ್ಕೆ," ಎಂದಳು. ತಾನು ಮೇಜು ಬಿಟ್ಟು ಕದಲಲಿಲ್ಲ.

ಅಧ್ಯಕ್ಷರು ದಪ್ಪ ಕನ್ನಡಕದ, ಮಿತಮಾತಿನ ಮನುಷ್ಯ. ಸಾಲಾಗಿ ನೋಡುತ್ತ ಬಂದು ಈ ಮೇಜಿನ ಮುಂದೆ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು? ಕಪ್ಪೆ ಉಳಿಸಿ ಅಂತ ಬರೆದು ಸತ್ತ ಕಪ್ಪೆ ಇಟ್ಟಿದ್ದೀಯ?"

ಹಿಂದೆ ಯಾರೋ ಕಿಸಕ್ಕೆಂದರು. ಬಾಯಿಪಾಠ ಮಾಡಿದ್ದ ಭಾಷಣವೆಲ್ಲ ಅವಳ ತಲೆಯಿಂದ ಹಾರಿಹೋಗಿತ್ತು.

"ನಿನ್ನೆ ಸಂಜೆವರೆಗೂ ಚೆನ್ನಾಗಿದ್ವು ಸರ್. ನಿಮಗೆ ತೋರಿಸೋ ಆಸೆಗೆ ಹಿಡ್ಕೊಂಡು ಬಂದೆ. ಬೇಡ ಅಂದ್ರೂ ಕೇಳಲಿಲ್ಲ. ತೊಟ್ಟಿಗೆ ಬ್ಲೀಚಿಂಗ್ ಪುಡಿ ಬಿತ್ತು. ಊರಿಗೆಲ್ಲ ಬುದ್ಧಿ ಹೇಳಿದೆ, ಆದ್ರೆ ಮನೇಲಿ..." ಮುಂದಿನ ಮಾತು ಅಮ್ಮನ ಬುಡಕ್ಕೇ ಬರುತ್ತದೆಂದು ಹೊಳೆದು ತಡೆದು ನಿಂತಳು.

ಗೋಡೆಯ ಬಳಿಯಿಂದ ಅಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ಉಜ್ಜಿದ್ದು ನಾನು ಸ್ವಾಮಿ. ಅವಳು ಸುಳ್ಳು ಹೇಳ್ತಿದಾಳೆ."

"ಆಯಾ, ನೀನು ಹೋಗು," ಎಂದರು ಹೆಡ್‌ಮೇಡಂ.

"ಹೋಗ್ತೀನಿ ಮೇಡಂ. ಒಂದು ಮಾತು. ಒಂದು ಹಿಡಿ ಪುಡಿಗೆ ಐದು ಜೀವ ಹೋಯ್ತು. ನಾನು ದಿನಾ ನಾಲ್ಕು ಬಕೆಟ್ ಪುಡಿನೀರು ಮೋರಿಗೆ ಸುರೀತೀನಿ. ಆ ಮೋರಿ ಹೋಗೋದು ಹೊಂಡಕ್ಕೇ ಅಲ್ವಾ?"

ಮಗಳು ಅಮ್ಮನತ್ತ ತಿರುಗಿದಳು. ಕಪ್ಪೆ ಕಡಿಮೆಯಾದದ್ದಕ್ಕೆ ಬಿಸಿಲನ್ನು ದೂರಿದ್ದಳು, ಪಕ್ಕದ ರಸ್ತೆಯನ್ನು ದೂರಿದ್ದಳು. ಮೋರಿಯ ಬಾಯಿ ಎಲ್ಲಿದೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅಮ್ಮನನ್ನು ಕೇಳಿಯೂ ಇರಲಿಲ್ಲ.

"ತೋರಿಸಮ್ಮ," ಎಂದರು ಅಧ್ಯಕ್ಷರು.

ಎಲ್ಲರೂ ಮೈದಾನ ದಾಟಿದರು. ಮುಂದೆ ಅಮ್ಮ. ಪೊದೆ ಸರಿಸಿ ತೋರಿಸಿದಳು: ಸಿಮೆಂಟಿನ ಕೊಳವೆಯೊಂದು ಹೊಂಡದ ಅಂಚಿಗೆ ಬಾಯಿ ತೆರೆದಿತ್ತು. ಅದರ ಸುತ್ತ ಹುಲ್ಲಿಲ್ಲ, ಮಣ್ಣೆಲ್ಲ ಬಿಳಿಚಿಕೊಂಡಿತ್ತು. ಆಚೆ ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಜಡೆ ಕೈಯೆತ್ತಿ ನಾಲ್ಕು ಬೆರಳು ತೋರಿಸಿದಳು. ನಾಲ್ಕು ನೀರಿಗೆ ಹಾರಿದ್ದವು. ಎರಡು ಇನ್ನೂ ದಡದಲ್ಲೇ ಕುಳಿತಿದ್ದವು.

ಅಧ್ಯಕ್ಷರು ಬಗ್ಗಿ ಕೊಳವೆ ನೋಡಿದರು. "ಮೊದಲು ಈ ಮೋರಿ ತಿರುಗಿಸಿ," ಎಂದರು ಮೇಡಂಗೆ. "ಮಣ್ಣು ಹಾಕೋ ವಿಚಾರ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನೋಡೋಣ." ಹಾಕುವುದಿಲ್ಲ ಎಂದು ಹೇಳಲಿಲ್ಲ.

ಅಮ್ಮನ ಕೆಲಸ ಉಳಿಯಿತು, ಎಚ್ಚರಿಕೆಯ ಪತ್ರ ಕೈಗೆ ಬಂತು. ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದಳು, "ಮೊದಲು ಯಾಕೆ ಸುಮ್ಮನಿದ್ದೆ ಅಮ್ಮ?"

"ಹೆದರಿದ್ದೆ ಕಣೇ," ಎಂದಳು ಅಮ್ಮ.

ನಾಲ್ಕನೇ ದಿನ ಗಾರೆಯವನು ಬಂದು ಮೋರಿ ತಿರುಗಿಸಿದ. ಅವನು ಮುಗಿಸುವವರೆಗೂ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಪರೀಕ್ಷೆಗೆ ಇನ್ನು ಆರು ವಾರ. ರಸ್ತೆಯಲ್ಲಿ ಲಾರಿ ಸದ್ದಾದಾಗಲೆಲ್ಲ ಹುಡುಗಿ ಓದುವ ಪುಸ್ತಕ ಬಿಟ್ಟು ಕಿಟಕಿಗೆ ಓಡುತ್ತಾಳೆ, ಅದರಲ್ಲಿ ಮಣ್ಣು ತುಂಬಿದೆಯೋ ಇಲ್ಲವೋ ಎಂದು ನೋಡಲು.